ಲಿಫ್ಟ್ ಮಾವನ ಪುನರುದ್ಧಾರ

ಬೀದಿಯ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಲಿಫ್ಟ್ ಮಾವ ಎಂದು. ಕೆಲಸದಲ್ಲಿದ್ದಷ್ಟು ಕಾಲವೂ ದಿನಕ್ಕೆ ನೂರು ಸಲ ಮೇಲೆ ಹೋಗಿ ಬಂದ ಮನುಷ್ಯ. ಬದುಕಿನಲ್ಲಿ ಮಾತ್ರ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ದೊಡ್ಡ ಕಚೇರಿಯೊಂದರ ಹಳೆಯ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು, ಜಾಲರಿ ಬಾಗಿಲನ್ನು ಎಳೆದು ಮುಚ್ಚುವುದು, ಮಹಡಿ ಬಂದಾಗ ತೆಗೆಯುವುದು. ಕೆಲಸ ಇಷ್ಟೇ. ಆದರೆ ಮಾವನ ಲೆಕ್ಕದಲ್ಲಿ ಆ ಕಚೇರಿ ನಡೆಯುತ್ತಿದ್ದದ್ದೇ ಅವರಿಂದ. ಅಧಿಕಾರಿ ಎಷ್ಟೇ ಮೇಲಿನವನಾಗಿರಲಿ, ಮಾವ ಬಾಗಿಲು ಎಳೆಯದಿದ್ದರೆ ಅವನು ನೆಲಮಹಡಿಯಲ್ಲೇ ನಿಂತಿರಬೇಕು. ಅವರ ಕಾಲದಲ್ಲಿ ಯಾರ ಬೆರಳೂ ಬಾಗಿಲಿಗೆ ಸಿಕ್ಕಿಕೊಳ್ಳಲಿಲ್ಲ, ಯಾರ ಕೊಡೆಯೂ ಮುರಿಯಲಿಲ್ಲ. ಬಾಗಿಲು ಹಾಕುವುದೂ ಒಂದು ವಿದ್ಯೆ ಎಂದು ಅವರು ನಂಬಿದ್ದರು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಆಮೇಲೆ ಗುಂಡಿ ಒತ್ತಿದರೆ ತಾನೇ ಮುಚ್ಚಿಕೊಳ್ಳುವ, ಮುಚ್ಚಿಕೊಳ್ಳುವ ಮುಂಚೆ ಹೆಣ್ಣು ದನಿಯಲ್ಲಿ ಹಾಗೆಂದು ಹೇಳಿಯೂ ಬಿಡುವ ಲಿಫ್ಟ್ ಬಂತು. ಮಾವನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ, ಮನೆಗೆ ಕಳಿಸಿದರು. ಆ ದಿನ ಕೆಳಗಿಳಿಯುವಾಗ ಅವರು ಮೆಟ್ಟಿಲು ಬಳಸಿದರು.

ಮನೆಯಲ್ಲಿ ಆಳುವುದಕ್ಕೆ ಸಿಕ್ಕವರು ಹೆಂಡತಿ ಒಬ್ಬರೇ, ಅವರೋ ಆಳಿಸಿಕೊಳ್ಳುವವರಲ್ಲ. ಬೀದಿಗೆಲ್ಲ ಅವರು ಹೊಲಿಗೆ ಅತ್ತೆ. ಹಳೆಯ ಅಂಗಡಿ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕಾಲಿನಿಂದ ತುಳಿಯುವ ಕಬ್ಬಿಣದ ಮೆಷಿನ್ ಇಟ್ಟುಕೊಂಡು, ಮೇಲೆ ಓಡಾಡುವವರ ಚಪ್ಪಲಿ ಸದ್ದು ಕೇಳುತ್ತ, ಸಂಸಾರದ ಅರ್ಧ ಭಾರ ಹೊತ್ತವರು. ಜಿಪ್ ಬದಲಾಯಿಸುವುದು, ಹರಿದ ಜೇಬು ಕಟ್ಟುವುದು, ಉದ್ದದ ಪ್ಯಾಂಟಿನ ಅಂಚು ಮಡಿಸುವುದು ಅವರ ಕಸುಬು. ಶಾಲೆ ಶುರುವಾಗುವ ವಾರವಂತೂ ಅವರಿಗೆ ಸುಗ್ಗಿ. ಅಂಗಡಿಯಲ್ಲಿ ಸರಿಯಿದ್ದ ಸಮವಸ್ತ್ರ ಮಗುವಿನ ಮೈಮೇಲೆ ಬಂದ ಕೂಡಲೇ ಎಲ್ಲ ತಾಯಂದಿರಿಗೂ ಉದ್ದವೋ ಗಿಡ್ಡವೋ ಆಗಿ ಕಾಣುತ್ತದೆ. ಆ ವಾರ ಹಿಡಿದ ಗಿರಾಕಿ ವರ್ಷವಿಡೀ ಕೈ ಬಿಡುವುದಿಲ್ಲ. ಆ ವಾರ ತಪ್ಪಿದ ಗಿರಾಕಿ ಇನ್ನೊಬ್ಬರ ಪಾಲು.

ಈಗ ಆ ಕಟ್ಟಡವನ್ನು ಒಡೆಯುತ್ತಾರೆ ಎಂದಾಯಿತು. ಬೇರೆ ಮೂಲೆ ಹುಡುಕಿ ಹುಡುಕಿ ಸಾಕಾದ ಅತ್ತೆಯ ಕಣ್ಣಿಗೆ ಬಿದ್ದದ್ದು ಬೇಕರಿಯ ಹಿತ್ತಿಲಲ್ಲಿ ಟಾರ್ಪಾಲಿನ ಅಡಿ ನಿಂತಿದ್ದ ಹಳೆಯ ಪುಟ್ಟ ವ್ಯಾನು. ದುಂಡು ಮೂತಿ, ದುಂಡು ದೀಪ, ಪಕ್ಕಕ್ಕೆ ಒಂದು ಅಗಲವಾದ ಬಾಗಿಲು. ಒಂದು ಕಾಲದಲ್ಲಿ ಮನೆಮನೆಗೆ ಬ್ರೆಡ್ ಹಂಚಿದ ಗಾಡಿ. ಬೇಕರಿಯ ಕೆಲಸದವರಿಗೆ ಏಪ್ರನ್ ಹೊಲಿದುಕೊಡುತ್ತಿದ್ದ ಅತ್ತೆ ಕೇಳಿದ್ದಕ್ಕೆ ಬೇಕರಿಯವನು, "ಒಯ್ದ್ರೆ ಸಾಕಮ್ಮ, ನನಗೂ ಜಾಗ ಆಗುತ್ತೆ" ಎಂದ. ಒಳಗೆ ಮೆಷಿನ್ ಇಟ್ಟು, ಬಟ್ಟೆ ನೇತುಹಾಕಲು ಒಂದು ಕಂಬಿ ಹಾಕಿಸಿ, ಶಾಲೆಯ ಗೇಟಿನ ಎದುರು ನಿಲ್ಲಿಸಿಕೊಂಡರೆ ಯಾವ ಕಟ್ಟಡ ಒಡೆದರೂ ತನಗೇನು ಎಂದು ಅತ್ತೆ ಯೋಚಿಸಿದರು. ಯೋಚನೆ ಅವರದು, ಗಾಡಿ ಅವರದು. ಅದನ್ನು ಗಂಡನ ಕೈಗೆ ಕೊಟ್ಟದ್ದೊಂದೇ ಅವರು ಮಾಡಿದ ತಪ್ಪು.

"ಕಟ್ಟಡ ಒಡೆಯೋದ್ರೊಳಗೆ ಆಗುತ್ತಾ?" ಎಂದು ಕೇಳಿದರು ಅತ್ತೆ.

"ಸ್ವಲ್ಪ ತುಕ್ಕು ಕಣೇ ಅಷ್ಟೆ. ಉಜ್ಜೋದು, ಬಳಿಯೋದು. ಶಾಲೆ ಶುರುವಾಗೋ ದಿನ ಗೇಟಿನ ಮುಂದೆ ತಂದು ನಿಲ್ಲಿಸ್ತೀನಿ ನೋಡು" ಎಂದರು ಮಾವ.

ಎಂಜಿನ್ ಕೆಮ್ಮುತ್ತ ಕೆಮ್ಮುತ್ತ ಶುರುವಾಯಿತು. ಅದರಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ದೋಷವೆಲ್ಲ ಮೈಯಲ್ಲಿತ್ತು. ಮನೆಯ ಪಕ್ಕದ ತಗಡಿನ ಚಪ್ಪರದಡಿ ಗಾಡಿ ನಿಲ್ಲಿಸಿ, ಮಾವ ಮೊದಲ ದಿನ ಬಣ್ಣ ಉಬ್ಬಿದ್ದ ಒಂದು ಸಣ್ಣ ಜಾಗ ಹುಡುಕಿ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದರು. ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಯಿತು. ತುಕ್ಕಿನ ಗುಣವೇ ಅದು: ಹೊರಗೆ ಸಾಸಿವೆ, ಒಳಗೆ ಕುಂಬಳಕಾಯಿ.

ಅಲ್ಲಿಂದ ಶುರುವಾಯಿತು ತಟ್ಟುವ ಹುಚ್ಚು. ಗಟ್ಟಿ ತಗಡು ತಟ್ಟಿದರೆ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಥಪ್ ಎನ್ನುತ್ತದೆ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು ಮಾವ ಗಾಡಿಯನ್ನೆಲ್ಲ ತಟ್ಟಿದರು. ಗಾಡಿ ಮುಗಿದ ಮೇಲೆ ನೀರಿನ ಡ್ರಮ್ಮು, ಕಿಟಕಿಯ ಸರಳು, ಎದುರು ಮನೆಯ ಗೇಟು ತಟ್ಟಿದರು. ಅತ್ತೆಯ ತಮ್ಮ ಬೈಕಿನಲ್ಲಿ ಬಂದಿಳಿದಾಗ ಅವನ ಹೆಲ್ಮೆಟ್ಟನ್ನೂ ತಟ್ಟಿದರು, ತಲೆ ಇನ್ನೂ ಅದರೊಳಗೇ ಇತ್ತು.

"ಥಪ್ ಅಂತು ಕಣೋ" ಎಂದರು.

"ಅದು ತಲೆ, ಭಾವ" ಎಂದ ಅವನು.

ಈ ತಮ್ಮ ಗೇಟು, ಕಿಟಕಿ ಸರಳು ಬೆಸೆಯುವ ವೆಲ್ಡಿಂಗ್ ಅಂಗಡಿಯವನು. ಊರವರ ಬಾಯಲ್ಲಿ ಗೇಟ್ ಮೇಸ್ತ್ರಿ. ಒಳ್ಳೆಯ ಮನುಷ್ಯ, ಏನು ಕೇಳಿದರೂ ಗೇಟಿನ ಮೂಲಕವೇ ಉತ್ತರ ಕೊಡುವುದೊಂದು ದುರ್ಗುಣ. ತೆಳು ತಗಡು ಸುಟ್ಟು ತೂತಾಗದಂತೆ ಬೆಸೆಯುವುದು ಹೇಗೆ ಎಂದು ಮಾವ ಕೇಳಿದರೆ, "ಗೇಟ್ ಆಗಿದ್ರೆ ಹೇಳ್ತಿದ್ದೆ ಭಾವ, ಅದು ದಪ್ಪ ಇರುತ್ತೆ" ಎನ್ನುತ್ತಿದ್ದ. ಹಾಗಾಗಿ ಇಬ್ಬರೂ ಸೇರಿ ಕಲಿತರು. ಮೊದಮೊದಲು ಮುಚ್ಚಲು ಹೋದ ತೂತು ಮುಚ್ಚುವ ಬದಲು ದೊಡ್ಡದಾಗುತ್ತಿತ್ತು. ಕಾಸಗಲದ ತೂತು ತಟ್ಟೆಯಗಲ ಆದ ಮೇಲೆ, "ಈಗ ಕೆಲಸ ಮಾಡೋಕೆ ಕೈ ಆಡುತ್ತೆ" ಎಂದು ಮಾವ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಕೆರೆದಷ್ಟೂ ಇತಿಹಾಸ ಹೊರಬಂತು. ಬಣ್ಣದ ಕೆಳಗೆ ತೂತಿಗೆ ಮೆತ್ತಿದ ಪುಟ್ಟಿ, ಪುಟ್ಟಿಯ ಕೆಳಗೆ ಒತ್ತಿ ತುಂಬಿದ ಹಳೆಯ ಪತ್ರಿಕೆ, ಅದರ ಕೆಳಗೆ ಟಾರು, ಟಾರಿನ ಕೆಳಗೆ ರಿವೆಟ್ ಹೊಡೆದು ಕೂರಿಸಿದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ. ಮುಚ್ಚಳದ ಮೇಲೆ ನಗುತ್ತಿದ್ದ ಮಗುವಿನ ಚಿತ್ರ ಇನ್ನೂ ಮಾಸಿರಲಿಲ್ಲ. ಮಾವನಿಗೆ ರಕ್ತ ಕುದಿಯಿತು.

"ಯಾವನೋ ಕಳ್ಳ ರಿಪೇರಿ ಮಾಡಿದಾನೆ ಕಣೇ ಇದನ್ನ."

"ಆ ಕಳ್ಳನ ಪುಣ್ಯದಿಂದಲೇ ಅಲ್ವಾ ಇಷ್ಟು ವರ್ಷ ಓಡಿದ್ದು?" ಎಂದರು ಅತ್ತೆ. "ನೀವೂ ಒಂದು ಮುಚ್ಚಳ ಹೊಡೆದು ಬಿಡಿ. ಡಬ್ಬಿ ನಾನು ಕೊಡ್ತೀನಿ."

ಮಾವ ಮುಚ್ಚಳದ ರಿವೆಟ್ ಕೀಳತೊಡಗಿದರು. ಆದರೂ ಅಷ್ಟರ ತನಕ ಎಲ್ಲ ನೆಟ್ಟಗೇ ಇತ್ತು. ಇನ್ನೊಂದಿಷ್ಟು ದಿನ ಹೀಗೇ ಬಿಟ್ಟಿದ್ದರೆ ಮುಚ್ಚಳವನ್ನೋ ತಗಡನ್ನೋ ಹೊಡೆದು ಮುಗಿಸುತ್ತಿದ್ದರೇನೋ. ಅಷ್ಟರಲ್ಲಿ ಹಳೆ ಗಾಡಿ ಸಂಘದ ಅಧ್ಯಕ್ಷರು ಆ ಬೀದಿಯಲ್ಲಿ ಹಾದುಹೋದರು.

ಅಧ್ಯಕ್ಷರ ಬಳಿ ಹಳೆಯ ಗಾಡಿಗಳು ಒಂದು ಕೊಟ್ಟಿಗೆ ತುಂಬ ಇದ್ದವು. ಅವರು ಓಡಾಡುತ್ತಿದ್ದದ್ದು ಮಾತ್ರ ಹೊಸದರಲ್ಲಿ. ಕಾರು ನಿಲ್ಲಿಸಿ ಇಳಿದು ಬಂದು, ವ್ಯಾನಿನ ಸುತ್ತ ಎರಡು ಸುತ್ತು ಹಾಕಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಂಥದ್ದು ಇಡೀ ಊರಲ್ಲಿ ಎರಡೇ ಇರೋದು. ಒಂದು ನನ್ನ ಹತ್ರ ಇದೆ. ರಿಪೇರಿ ಮಾಡ್ತಿದೀರಾ?"

"ಹೂಂ, ಹೀಗೇ ಸ್ವಲ್ಪ ತುಕ್ಕು..."

"ರಿಪೇರಿ ಅನ್ನಬೇಡಿ. ಇದು ಪುನರುದ್ಧಾರ. ನೀವು ಮಾಡ್ತಿರೋದು ಸಣ್ಣ ಕೆಲಸ ಅಲ್ಲ."

ಲಿಫ್ಟಿನಿಂದ ಇಳಿದ ಮೇಲೆ ಮಾವನಿಗೆ ಯಾರೂ ಇಂಥ ಮಾತು ಹೇಳಿರಲಿಲ್ಲ. ಇಳಿಯುವ ಮುಂಚೆಯೂ ಹೇಳಿರಲಿಲ್ಲ ಎನ್ನಿ. ಅವರು ಆ ಕ್ಷಣದಲ್ಲೇ ಅಟ್ಟ ಹತ್ತಿ ಕೂತರು, ಏಣಿಯನ್ನು ಅಧ್ಯಕ್ಷರು ತೆಗೆದುಕೊಂಡು ಹೋದರು. ಆ ದಿನದಿಂದ ಮನೆಯಲ್ಲಿ ರಿಪೇರಿ ಎಂಬ ಮಾತು ನಿಷೇಧ. ಪುಟ್ಟಿ ಎಂದರೆ ಬೈಗುಳ. ಊಟಕ್ಕೆ ಕರೆದರೆ, "ಪುನರುದ್ಧಾರ ನಡೀತಿದೆ" ಎಂಬ ಉತ್ತರ ಚಪ್ಪರದಡಿಯಿಂದ ಬರುತ್ತಿತ್ತು.

ಬಟ್ಟೆಯ ಕಂಬಿ ಹಾಕಿಸಲು ಗಾಡಿಯ ಒಳಗೋಡೆಯಲ್ಲಿ ತೂತು ಕೊರೆಯಬೇಕು ಎಂದು ಅತ್ತೆ ನೆನಪಿಸಿದಾಗ ಮಾವ ಎದೆಗೆ ಕೈ ಇಟ್ಟುಕೊಂಡರು.

"ತೂತಾ? ಒರಿಜಿನಲ್ ಗೋಡೆಗಾ?"

"ಇಷ್ಟೊಂದು ತೂತು ಇದ್ದಾವಲ್ಲ, ಇನ್ನೆರಡು ಹೆಚ್ಚಾದ್ರೆ ಏನಾಗುತ್ತೆ?"

"ಅವು ಒರಿಜಿನಲ್ ತೂತು" ಎಂದರು ಮಾವ. ತಮಾಷೆಗೆ ಹೇಳಿದ ಮಾತಲ್ಲ ಅದು.

ಸಂಘದ ವರ್ಷದ ಪ್ರದರ್ಶನ ಶಾಲೆ ಶುರುವಾಗುವ ಹಿಂದಿನ ದಿನ ಇತ್ತು. ಅಲ್ಲಿ ಪರೀಕ್ಷೆಗೆ ನಿಲ್ಲುವ ಗಾಡಿಗೆ ಪ್ರಮಾಣಪತ್ರ ಸಿಗುತ್ತದೆ ಎಂದು ಅಧ್ಯಕ್ಷರು ಇನ್ನೊಂದು ಸಲ ಬಂದಾಗ ಹೇಳಿದರು. "ಒಂದೇ ಷರತ್ತು. ಆಮೇಲೆ ಗಾಡೀನ ಯಾವ ದಂಧೆಗೂ ಹಾಕೋ ಹಾಗಿಲ್ಲ, ಒಂದು ಮೊಳೇನೂ ಹೊಡೆಯೋ ಹಾಗಿಲ್ಲ. ಒಪ್ಪಿಗೆನಾ?"

"ಒಪ್ಪಿಗೆ" ಎಂದರು ಮಾವ. ಬಾಯಿಂದ ಬಿದ್ದ ಮೇಲೆ ಗಾಡಿ ಯಾರದು ಎಂಬುದು ನೆನಪಾಯಿತು. ಸರಿಯಾದ ಹೊತ್ತು ನೋಡಿ ಹೆಂಡತಿಗೆ ಹೇಳಿದರಾಯಿತು ಎಂದುಕೊಂಡರು. ಸರಿಯಾದ ಹೊತ್ತು ಬರಲೇ ಇಲ್ಲ. ಬರುವಂಥ ಹೊತ್ತಿನಲ್ಲಿ ಮಾವ ಗಾಡಿಯ ಕೆಳಗೆ ತೂರಿ ಮಲಗಿರುತ್ತಿದ್ದರು.

ಈ ನಡುವೆ ಕಟ್ಟಡದವರು ಹೇಳಿದ ದಿನಕ್ಕಿಂತ ಮುಂಚೆಯೇ ಸುತ್ತಿಗೆ ಹಿಡಿದು ಬಂದರು. ಅತ್ತೆ ಮೆಷಿನ್ನನ್ನೂ ಬಟ್ಟೆಯ ಗಂಟುಗಳನ್ನೂ ಹೊರಿಸಿಕೊಂಡು ಮನೆಗೆ ಬಂದರೆ ಮನೆಯಲ್ಲಿ ಜಾಗವೆಲ್ಲಿ? ನಡುಮನೆಯಲ್ಲಿ ಮಾವ ಕಳಚಿಟ್ಟ ಸೀಟು, ದೀಪ, ಬಂಪರು. ಅಡುಗೆಮನೆಯ ಮೂಲೆಯಲ್ಲೂ ಒಂದು ಚಕ್ರ. ಅತ್ತೆ ಸುಮ್ಮನೆ ತಮ್ಮನಿಗೆ ಹೇಳಿ ಮೆಷಿನ್ನನ್ನು ವ್ಯಾನಿನೊಳಕ್ಕೆ ಏರಿಸಿದರು. ಹಿಂದೆ ಮುಂದೆ ಮರದ ದಿಮ್ಮಿಗಳ ಮೇಲೆ ನಿಂತಿದ್ದ, ಚಕ್ರವಿಲ್ಲದ ಆ ಗಾಡಿಯ ನಡುವೆ ಕೂತು, ಬಂದ ನಾಲ್ಕಾರು ಹಳೆಯ ಗಿರಾಕಿಗಳ ಬಟ್ಟೆ ಹೊಲಿಯತೊಡಗಿದರು. ಕೆಳಗೆ ಮಾವ ಕೆರೆಯುವ ಸದ್ದು, ಮೇಲೆ ಅತ್ತೆ ತುಳಿಯುವ ಸದ್ದು. ಬೀದಿಯವರಿಗೆ ಅದೊಂದು ಸಂಸಾರ ನಡೆಯುವ ಸದ್ದಿನಂತೆಯೇ ಕೇಳುತ್ತಿತ್ತು.

ತುಕ್ಕು ಹೆಚ್ಚಾಗಿ ತಿಂದಿದ್ದದ್ದು ಬಾಗಿಲ ಕೆಳಗೆ ಗಾಡಿಯ ಉದ್ದಕ್ಕೂ ಹೋಗುವ ತಗಡಿನ ಕೊಳವೆಯಂಥ ಭಾಗವನ್ನು. ಅದು ಗಾಡಿಯ ಹೊಸ್ತಿಲು ಮಾತ್ರವಲ್ಲ, ಬೆನ್ನೆಲುಬು ಕೂಡ. ಎರಡೂ ಪಕ್ಕದಲ್ಲಿ ಅದು ಎತ್ತಿ ಹಿಡಿದಿದ್ದರಿಂದಲೇ ಗಾಡಿ ನೆಟ್ಟಗೆ ನಿಂತಿರುತ್ತದೆ. ಕತ್ತರಿಸುವ ಮುಂಚೆ ಬಾಗಿಲ ಜಾಗದಲ್ಲಿ ಅಡ್ಡಕ್ಕೊಂದು ಕಂಬಿ ಬೆಸೆಯಬೇಕು, ಒಂದು ಪಕ್ಕ ಮುಗಿಸಿ ಇನ್ನೊಂದಕ್ಕೆ ಕೈ ಹಾಕಬೇಕು.

"ಒಂದೊಂದೇ ಮಾಡೋಣ ಭಾವ" ಎಂದ ಮೇಸ್ತ್ರಿಯೂ.

"ಗೇಟಿಗೆ ಹಾಗಾ ಮಾಡೋದು?"

"ಗೇಟಿಗೆ ಹೊಸ್ತಿಲೇ ಇರಲ್ಲ."

"ಮತ್ತೆ ಸುಮ್ನಿರು. ಬಲಗಡೆ ಒಂದು ಕಾಲದ ಬೆಸುಗೆ, ಎಡಗಡೆ ಇನ್ನೊಂದು ಕಾಲದ ಬೆಸುಗೆ ಅಂತ ಆದ್ರೆ ಪರೀಕ್ಷೆ ಮಾಡೋರು ಏನಂತಾರೆ?"

ಅಡ್ಡಕಂಬಿಯನ್ನೂ ಹಾಕದೆ ಎರಡನ್ನೂ ಒಂದೇ ಬೆಳಗ್ಗೆ ಕತ್ತರಿಸಿದರು. ಒಳಗಿದ್ದ ಅತ್ತೆ, "ನಾನು ಇಳೀಲಾ?" ಎಂದು ಕೇಳಿದ್ದರು. ಮಾವ ಬೇಡವೆಂದಿದ್ದರು; ಮೆಷಿನ್ ಇಳಿಸಿ ಮತ್ತೆ ಏರಿಸುವ ತಾಪತ್ರಯ ಯಾರಿಗೆ ಬೇಕು. ಎರಡನೆಯ ಪಕ್ಕದ ಕೊನೆಯ ಅಂಗುಲ ಕತ್ತರಿಸಿದಾಗ ಗಾಡಿ ಮುದುಕರು ಕುರ್ಚಿಯಲ್ಲಿ ಕೂರುವಾಗ ಮಾಡುವಂಥ ಒಂದು ಸದ್ದು ಮಾಡಿತು.

"ರೀ, ಏನೋ ಸ್ವಲ್ಪ ಇಳಿದ ಹಾಗಾಯ್ತು" ಎಂದರು ಅತ್ತೆ ಒಳಗಿನಿಂದ.

ಮಾವ ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿದರು. ಜೀವಮಾನದಲ್ಲಿ ಅವರಿಗೆ ಅಷ್ಟು ದೊಡ್ಡ ಅವಮಾನ ಆಗಿರಲಿಲ್ಲ. "ಇಳಿಯೋದು ಅಂದ್ರೇನು ಅಂತ ನನಗೆ ಹೇಳಿಕೊಡ್ತೀಯಾ? ನನ್ನ ಆಯುಷ್ಯವೆಲ್ಲ ಅದರಲ್ಲೇ ಕಳೆದಿದೆ. ಇದು ಇಳಿದಿಲ್ಲ."

ಅತ್ತೆ ಮತ್ತೆ ತುಳಿಯತೊಡಗಿದರು. ಮಾವ ಮತ್ತೆ ಬೆಸೆಯತೊಡಗಿದರು. ಹೊಸ ತಗಡು ಕೂತಿತು, ಪ್ರೈಮರ್ ಬಿತ್ತು, ಕೆನೆ ಬಣ್ಣ ಬಿತ್ತು, ಚಕ್ರ ದೀಪಗಳು ವಾಪಸು ಬಂದವು. ಪಕ್ಕದ ಬಾಗಿಲನ್ನು ಅಳೆದು ನೋಡಿ, ಉಜ್ಜಿ, ಕೂರಿಸಿ, ಮಾವ ಬೆರಳ ತುದಿಯಿಂದ ತಳ್ಳಿದರೆ ಟಕ್ ಎಂದು ಹಾಕಿಕೊಂಡಿತು. ಮಾವ ಅದನ್ನು ತೆಗೆದರು, ಹಾಕಿದರು, ತೆಗೆದರು, ಹಾಕಿದರು. ಒಳಗೆ ಕೂತ ಅತ್ತೆಗೆ ಬೆಳಕು ಬಂತು, ಹೋಯಿತು, ಬಂತು, ಹೋಯಿತು. ಬೆಳಕು ಬಂದಾಗಲೆಲ್ಲ ಅವರು ಸೂಜಿಗೆ ದಾರ ಪೋಣಿಸಲು ನೋಡಿದರು. ಗಂಡನ ಮುಖದಲ್ಲಿ ಅಂಥ ಸಂತೋಷ ನೋಡಿ ತುಂಬ ವರ್ಷವಾಗಿತ್ತು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಅತ್ತೆ ಗುಂಡಿ ತರಲು ಪೇಟೆಗೆ ಹೋದಾಗ, ಮಾವನೂ ಮೇಸ್ತ್ರಿಯೂ ಸೇರಿ ಮೆಷಿನ್ನನ್ನೂ ಗಂಟುಗಳನ್ನೂ ಕೆಳಗಿಳಿಸಿ ಗಾಡಿಯನ್ನು ಒರೆಸಿ ಮಿಂಚಿಸಿದರು. ಆಮೇಲೆ ಮಾವ ಬೆರಳ ತುದಿಯಿಂದ ಬಾಗಿಲು ತಳ್ಳಿದರು. ಟಕ್ ಎನ್ನಲಿಲ್ಲ. ಅಂಗೈಯಿಂದ ತಳ್ಳಿದರು. ಭುಜದಿಂದ ತಳ್ಳಿದರು. ತಿರುಗಿ ನಿಂತು ಸೊಂಟದಿಂದ ತಳ್ಳಿದರು. ಚಿಲಕದ ನಾಲಿಗೆ ತನ್ನ ತೂತಿಗಿಂತ ಒಂದು ಬೆರಳು ಮೇಲೆ ಬಡಿದು ಬಡಿದು ವಾಪಸು ಬರುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಮಾವನಿಗೂ ಗೊತ್ತಿತ್ತು. ಆದರೂ ಅವರು ಪಕ್ಕದ ಮನೆಯಿಂದ ಗಾರೆಯವನ ರಸಮಟ್ಟ ತಂದು ಚಪ್ಪರದ ನೆಲದ ಮೇಲಿಟ್ಟು ನೋಡಿದರು. ನೆಲ ನೆಟ್ಟಗಿತ್ತು. ಆಗ ಮೇಸ್ತ್ರಿ ಒಳಗೆ ಹತ್ತಿ ಕೂತು ಚಿಲಕ ನೋಡಲು ಹೋದ. ನಾಲಿಗೆ ಅರ್ಧ ಬೆರಳು ಕೆಳಗೆ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೆಷಿನ್ನನ್ನು ಎತ್ತಿ ಒಳಗಿಟ್ಟರು. ಮೇಸ್ತ್ರಿ ಅದರ ಪಕ್ಕ ಕೂತ. ಮಾವ ಬೆರಳ ತುದಿಯಿಂದ ತಳ್ಳಿದರು. ಟಕ್.

ಗಾಡಿ ಅಂದು ಇಳಿದಿತ್ತು. ಅತ್ತೆ ಮತ್ತು ಅವರ ಮೆಷಿನ್ನಿನ ಭಾರಕ್ಕೆ ಬಗ್ಗಿದ್ದ ಮೈಯನ್ನೇ ಮಾವ ಅಳತೆ ಎಂದುಕೊಂಡು ಬೆಸೆದಿದ್ದರು, ಬಗ್ಗಿದ ಚೌಕಟ್ಟಿಗೇ ಬಾಗಿಲು ಕೂರಿಸಿದ್ದರು. ಭಾರ ತೆಗೆದ ಕೂಡಲೇ ಮೈ ಹಿಂದಕ್ಕೆ ಚಿಮ್ಮಿ ನಿಲ್ಲುತ್ತಿತ್ತು. ಎಷ್ಟೋ ವರ್ಷ ಬಾಗಿಲು ಹಾಕಿ ಬದುಕಿದ ಮನುಷ್ಯ, ಹೆಂಡತಿ ಒಳಗಿದ್ದರೆ ಮಾತ್ರ ಹಾಕಿಕೊಳ್ಳುವ ಬಾಗಿಲೊಂದನ್ನು ಮಾಡಿಟ್ಟಿದ್ದರು.

"ಅಕ್ಕನಿಗೆ ಹೇಳ್ಬೇಡ" ಎಂದರು ಮಾವ.

"ಹೇಳಲ್ಲ. ಆದ್ರೆ ನಾಳೆ ಏನು ಮಾಡ್ತೀರಿ?"

ಮಾವ ಮಾಡಿದ್ದು ಇದು. ಅತ್ತೆ ಬಂದಾಗ ದನಿಗೆ ಬೆಣ್ಣೆ ಸವರಿಕೊಂಡು ಹೇಳಿದರು: "ನಾಳೆ ನೀನೂ ಬಾ. ಮೆಷಿನ್ನೂ ಇರಲಿ ಒಳಗೆ. ನೀನು ಹೊಲೀತಾ ಇರು, ಜನ ನೋಡಲಿ."

ಅತ್ತೆ ಒಂದು ಕ್ಷಣ ನಂಬಲಿಲ್ಲ. ಆಮೇಲೆ ನಂಬಿದರು. "ನಿಜವಾಗ್ಲೂ? ನನ್ನ ಕೆಲಸ ತೋರಿಸ್ತೀರಾ ಅಲ್ಲಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೆಷಿನ್ನಿಗೆ ಎಣ್ಣೆ ಬಿಡಲು ಹೋದರು. ಮದುವೆ ಮುಂಜಿಗೆ ಉಡುವ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಮಾಡಿಟ್ಟರು. ಮಾವ ಅದನ್ನು ಬಾಗಿಲಲ್ಲಿ ನಿಂತು ನೋಡಿದರು. ನಿಜ ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ಅವರು ಚಪ್ಪರಕ್ಕೆ ಹೋಗಿ ಒರೆಸಿದ ಗಾಡಿಯನ್ನೇ ಮತ್ತೆ ಒರೆಸಿದರು.

ಪ್ರದರ್ಶನದ ಮೈದಾನದಲ್ಲಿ ಹಳೆಯ ಗಾಡಿಗಳು ಸಾಲಾಗಿ ನಿಂತಿದ್ದವು. ಹೆಚ್ಚಿನವು ಲಾರಿಯ ಮೇಲೆ ಬಂದಿಳಿದವು. ತನ್ನ ಕಾಲ ಮೇಲೆ ಬಂದದ್ದು ಮೇಸ್ತ್ರಿ ಓಡಿಸಿಕೊಂಡು ಬಂದ ಈ ಕೆನೆ ಬಣ್ಣದ ವ್ಯಾನು ಮತ್ತು ಅಂಥ ಇನ್ನೊಂದೆರಡು. ತೆರೆದ ಬಾಗಿಲಲ್ಲಿ ಅತ್ತೆ ಕೂತು ಒಂದು ಪುಟ್ಟ ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ಜನ ಬೇರೆ ಗಾಡಿಗಳನ್ನು ನೋಡಿ ಮುಂದೆ ಹೋಗುತ್ತಿದ್ದರು, ಇಲ್ಲಿ ನಿಲ್ಲುತ್ತಿದ್ದರು. ಆ ಪ್ಯಾಂಟು ಕೊಟ್ಟು ಮಗುವಿನೊಂದಿಗೆ ಕಾದು ನಿಂತಿದ್ದ ತಾಯಿ ಕೇಳಿದಳು, "ನಾಳೆ ಎಲ್ಲಿ ಸಿಗ್ತೀರಾ?"

"ಶಾಲೆ ಗೇಟಿನ ಹತ್ರ. ಇದೇ ಗಾಡಿ" ಎಂದರು ಅತ್ತೆ. ಹೇಳುವಾಗ ಅವರ ಮುಖ ನೋಡಬೇಕಿತ್ತು. ಮಾವ ನೋಡಲಿಲ್ಲ, ಅವರು ಚಕ್ರದ ಮೇಲಿಲ್ಲದ ಧೂಳು ಒರೆಸುತ್ತಿದ್ದರು.

ಅಧ್ಯಕ್ಷರು ಇಬ್ಬರು ಪರೀಕ್ಷಕರೊಡನೆ ಬಂದರು. ಬಗ್ಗಿ ನೋಡಿದರು, ತಟ್ಟಿ ನೋಡಿದರು. ಎಲ್ಲೆಡೆ ಟಣ್. ಅಧ್ಯಕ್ಷರು ತಾವೇ ಬಾಗಿಲು ತಳ್ಳಿದರು. ಟಕ್. "ಕೇಳಿದ್ರಾ? ಹೊಸ ಗಾಡಿಯಲ್ಲೂ ಈ ಸದ್ದು ಬರಲ್ಲ" ಎಂದು ಬಾಗಿಲು ತೆಗೆದು ಒಳಗೆ ಬಗ್ಗಿದರು. "ಅಮ್ಮ, ಸ್ವಲ್ಪ ಇಳಿದು ಮೆಷಿನ್ ಇಳಿಸಿಬಿಡಿ. ಗಾಡಿ ಖಾಲಿ ಇರಬೇಕು. ಇನ್ಮೇಲೆ ಇದರಲ್ಲಿ ಹೊಲಿಗೆ ಗಿಲಿಗೆ ಇರಲ್ಲವಲ್ಲ, ನಿಮ್ಮ ಯಜಮಾನರು ಒಪ್ಪಿದ್ದಾರೆ. ಇದು ಓಡಿಸೋ ಗಾಡಿ ಅಲ್ಲ ಈಗ, ನೋಡೋ ಗಾಡಿ."

ಅತ್ತೆಯ ಕಾಲು ತುಳಿಯುವುದನ್ನು ನಿಲ್ಲಿಸಿತು. ಅವರು ಅಧ್ಯಕ್ಷರನ್ನು ನೋಡಲಿಲ್ಲ.

"ಒಪ್ಪಿದ್ರಾ?" ಎಂದು ಗಂಡನನ್ನು ಕೇಳಿದರು.

ಮಾವ ಒರೆಸುವ ಬಟ್ಟೆಯನ್ನು ಜೇಬಿಗೆ ತುರುಕಿಕೊಂಡರು. ಅತ್ತೆ ದಾರ ಕಡಿದು, ಪುಟ್ಟ ಪ್ಯಾಂಟನ್ನು ಮಡಿಸಿ ಆ ತಾಯಿಯ ಕೈಗೆ ಕೊಟ್ಟರು. ನಾಳೆಯ ಮಾತು ಆಡಲಿಲ್ಲ. ಇಳಿದರು. ತಮ್ಮನಿಗೆ ಕಣ್ಣಲ್ಲೇ ಹೇಳಿದರು. ಅವನು ಮೆಷಿನ್ ಇಳಿಸಿದ, ಗಂಟುಗಳನ್ನು ಇಳಿಸಿದ. ಮೈದಾನದ ಅಂಚಿನ ಮರದ ಕೆಳಗೆ ಮೆಷಿನ್ ಇಟ್ಟುಕೊಂಡು ಅತ್ತೆ ಒಂದು ಗಂಟಿನ ಮೇಲೆ ಕೂತರು. ಎಲ್ಲಿಗೆ ಹೋಗಬೇಕು ಎಂದು ಅವರಿಗೆ ಗೊತ್ತಿರಲಿಲ್ಲ.

ಇಲ್ಲಿ ಅಧ್ಯಕ್ಷರು ಬಾಗಿಲು ತಳ್ಳಿದರು. ಹಾಕಿಕೊಳ್ಳಲಿಲ್ಲ. ನಕ್ಕು ಇನ್ನೊಮ್ಮೆ ತಳ್ಳಿದರು. ಪರೀಕ್ಷಕರೊಬ್ಬರು ತಳ್ಳಿದರು, ಇನ್ನೊಬ್ಬರು ದಬ್ಬಿದರು. ಬೇರೆ ಗಾಡಿಗಳ ಬಳಿಯಿಂದ ಜನ ಬಂದು ಕೂಡಿದರು. ಪುಕ್ಕಟೆ ಬಾಗಿಲು ಸಿಕ್ಕರೆ ತಳ್ಳಿ ನೋಡದವರು ಯಾರು.

"ಏನ್ರೀ ಇದು? ಈಗ ತಾನೇ ಹಾಕ್ಕೊಂಡಿತ್ತಲ್ಲ?" ಎಂದರು ಅಧ್ಯಕ್ಷರು.

ಹೇಳಲು ನೆಪಗಳು ಬೇಕಾದಷ್ಟಿದ್ದವು: ಬಿಸಿಲಿಗೆ ತಗಡು ಹಿಗ್ಗಿದೆ, ಮೈದಾನ ಡೊಂಕು. ಮಾವನ ಬಾಯಿಗೆ ಅವೆಲ್ಲ ಬಂದೂ ಬಂದವು. ಆದರೆ ಗುಂಪಿನ ಸಂದಿಯಿಂದ ಅವರಿಗೆ ಮರದ ಕೆಳಗಿನ ಗಂಟೂ ಅದರ ಮೇಲೆ ಕೂತವರೂ ಕಂಡರು. ಒಳ್ಳೆಯ ಬಟ್ಟೆ ಉಟ್ಟುಕೊಂಡು, ತನ್ನದೇ ಗಾಡಿಯಿಂದ ಇಳಿಸಿಕೊಂಡು, ಊರ ಜನರ ನಡುವೆ ಗಂಟುಮೂಟೆಯ ಮೇಲೆ ಕೂತಿದ್ದಳು ಹೆಂಡತಿ. ಮಾವನಿಗೆ ನಾಚಿಕೆಯಾಯಿತು. ಹುಟ್ಟಿದ ಮೇಲೆ ಅಷ್ಟು ನಾಚಿಕೆ ಅವರಿಗೆ ಎಂದೂ ಆಗಿರಲಿಲ್ಲ.

"ಅವಳು ಒಳಗೆ ಕೂತಿದ್ದಾಗ ಎರಡೂ ಕಡೆ ಕತ್ತರಿಸಿದೆ" ಎಂದರು. "ಗಾಡಿ ಇಳೀತು. ಇಳೀತು ಅಂತ ಅವಳು ಹೇಳಿದ್ಲು. ನಾನು ಇಲ್ಲ ಅಂದೆ."

ಗುಂಪಿನಲ್ಲಿ ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ, ಅವರು ಮಾವನ ಹೆಗಲ ಮೇಲೆ ಕೈ ಹಾಕಿದರು. "ಪರವಾಗಿಲ್ಲ ಬಿಡಿ. ಎರಡೂ ಕಡೆ ಮತ್ತೆ ಕತ್ತರಿಸಿ, ಖಾಲಿ ಗಾಡಿಯಲ್ಲಿ ಮತ್ತೆ ಬೆಸೀರಿ. ಮುಂದಿನ ವರ್ಷಕ್ಕೆ ನಿಮ್ಮ ಜಾಗ ಹಿಡಿದಿಟ್ಟಿರ್ತೀನಿ. ನಿಮ್ಮಂಥ ಕೈ ನಮ್ಮ ಸಂಘಕ್ಕೆ ಬೇಕು."

ನಿಮ್ಮಂಥ ಕೈ. ಮಾವ ಆ ಮಾತನ್ನು ಒಳಗೊಳಗೇ ಇನ್ನೊಮ್ಮೆ ಕೇಳಿಕೊಂಡರು. ಚೆನ್ನಾಗಿಯೇ ಇತ್ತು. ಮೆಲ್ಲಗೆ ಹೆಗಲ ಮೇಲಿನ ಕೈ ಸರಿಸಿ ಮರದ ಕಡೆ ನಡೆದರು.

"ಹತ್ತು" ಎಂದರು ಹೆಂಡತಿಯ ಮುಂದೆ ನಿಂತು.

"ಒಂದು ಗಳಿಗೆ ಇಳಿ ಅಂತೀರಿ, ಒಂದು ಗಳಿಗೆ ಹತ್ತು ಅಂತೀರಿ. ನಾನೇನು ನಿಮ್ಮ ಲಿಫ್ಟಾ?"

"ಇಳಿ ಅಂದಿದ್ದು ನಾನಲ್ಲ."

"ಇಳೀಬೇಡ ಅಂತ ಅಂದಿದ್ದೂ ನೀವಲ್ಲ."

ಮಾವ ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟರು. "ಗಾಡಿ ನಿಂದು" ಎಂದರು ಕೊನೆಗೆ.

"ನನಗೆ ಗೊತ್ತು. ನಿಮಗೆ ಗೊತ್ತಾ ಅಂತ ನೋಡ್ತಿದ್ದೆ."

"ಗೊತ್ತಿತ್ತು. ಗೊತ್ತಿದ್ದೂ ಒಪ್ಪಿದೆ." ಅವರು ಭಾವಮೈದನ ಕಡೆ ತಿರುಗಿದರು. "ನಿನ್ನ ಚೀಲದಲ್ಲಿ ಬ್ಯಾಟರಿ ಡ್ರಿಲ್ ಇದೆಯಾ?"

ಮೇಸ್ತ್ರಿ ಡ್ರಿಲ್ ಇಲ್ಲದೆ ಮದುವೆ ಮನೆಗೂ ಹೋಗುವವನಲ್ಲ. ಮೆಷಿನ್ ಮತ್ತೆ ಒಳಗೆ ಏರಿತು, ಗಂಟುಗಳು ಏರಿದವು, ಅತ್ತೆ ಏರಿದರು. ಮಾವನೂ ಏರಿ, ತಿಂಗಳುಗಟ್ಟಲೆ ಉಜ್ಜಿ ಬಳಿದ ಕೆನೆ ಬಣ್ಣದ ಒಳಗೋಡೆಯ ಮುಂದೆ ಡ್ರಿಲ್ ಹಿಡಿದು ನಿಂತರು. ಅಧ್ಯಕ್ಷರು ಓಡಿ ಬಂದು, "ಏನು ಮಾಡ್ತಿದೀರಿ, ಅದು ಒರಿಜಿನಲ್ ತಗಡು" ಎನ್ನುತ್ತಿದ್ದರು. ಅದು ಒರಿಜಿನಲ್ ತಗಡಾಗಿ ಉಳಿದಿರಲಿಲ್ಲ. ಮಾವನೇ ಕತ್ತರಿಸಿ, ಬಡಿದು, ಕೂರಿಸಿದ್ದ ತಗಡು.

"ಎಲ್ಲಿ?" ಎಂದು ಕೇಳಿದರು ಮಾವ.

ಅತ್ತೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಕೈ ಎತ್ತಿ, ತನಗೆ ಎಟುಕುವಷ್ಟು ಎತ್ತರದಲ್ಲಿ ಒಂದು ಗುರುತು ಹಾಕಿದರು. ಮಾವ ಡ್ರಿಲ್ಲಿನ ತುದಿಯನ್ನು ಅದರ ಮೇಲಿಟ್ಟರು. ಬಟನ್ ಒತ್ತಲು ಬೆರಳು ಏಳಲಿಲ್ಲ.

"ನೋವಾಗುತ್ತಾ?" ಎಂದರು ಅತ್ತೆ.

"ಆಗುತ್ತೆ."

"ನನಗೂ ಆಯ್ತು" ಎಂದರು ಅತ್ತೆ. "ಕೊರೀರಿ."

ಮಾವ ಕೊರೆದರು.